ನಾನು ಒಗೆದ ಇಪ್ಪತ್ತಾರು ಸೀರೆಗಳು

ಯಾವುದೇ ಸಂಸ್ಥೆಗೆ ಹೋದಾಗ ಅಲ್ಲಿನ ಮುಖ್ಯಸ್ಥರು ಯಾರೆಂದು ತಿಳಿಯಬೇಕಾದರೆ ಗೋಡೆಯ ಫಲಕ ಓದುತ್ತ ನಿಲ್ಲಬೇಡಿ. ‘ಕಸಬರಿಗೆ ಎಲ್ಲಿದೆ?’ ಎಂದು ಗಟ್ಟಿಯಾಗಿ ಕೇಳಿ. ಉಳಿದವರೆಲ್ಲ ಥಟ್ಟನೆ ಒಂದು ಮೂಲೆಯತ್ತ ಕೈ ತೋರಿಸುವಾಗ ಯಾರು ತಲೆಯೆತ್ತಿ ಮಾಡಿನತ್ತ ನೋಡುತ್ತ ನಿಲ್ಲುತ್ತಾರೋ ಅವರೇ ಮುಖ್ಯಸ್ಥರು. ನಮ್ಮ ಶಿಶುವಿಹಾರದಲ್ಲಿ ಹಾಗೆ ಮಾಡಿನತ್ತ ನೋಡುವವನು ನಾನು. ಹಳದೀಪುರದ ಹೆದ್ದಾರಿಯಿಂದ ಎರಡು ತೆಂಗಿನ ತೋಟ ದಾಟಿ ಒಳಗೆ ಬಂದರೆ ಊರ ಮಹಿಳಾ ಮಂಡಳದವರು ನಡೆಸುವ ಈ ಶಿಶುವಿಹಾರ ಸಿಗುತ್ತದೆ. ಮೂರರಿಂದ ಐದು ವರ್ಷದ ಇಪ್ಪತ್ತಾರು ಮಕ್ಕಳಿದ್ದಾರೆ. ‘ವ್ಯವಸ್ಥಾಪಕರು’ ಎಂಬ ಫಲಕದ ಕೆಳಗೆ ನನ್ನ ಮೇಜಿದೆ. ಕುರ್ಚಿ ಮಾತ್ರ ಮಕ್ಕಳದ್ದು. ದೊಡ್ಡವರ ಕುರ್ಚಿ ಅಂತ ಇರುವುದು ಒಂದೇ; ಅದರ ಮೇಲೆ ಕುಡಿಯುವ ನೀರಿನ ಪಾತ್ರೆ ಕೂತಿದೆ, ಅದನ್ನು ಎಬ್ಬಿಸುವ ಧೈರ್ಯ ನನಗಿನ್ನೂ ಬಂದಿಲ್ಲ. ಹಾಗಾಗಿ ನನ್ನ ಆಡಳಿತವೆಲ್ಲ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡೇ ನಡೆಯುತ್ತದೆ.

ಈ ಕೆಲಸಕ್ಕೆ ನಾನು ಬಂದದ್ದು ಗಂಟಲಿನ ದಾರಿಯಿಂದ. ಚಿಕ್ಕಂದಿನಿಂದಲೂ ನನಗೆ ಕಂಡವರ ಸ್ವರ ಕದಿಯುವ ಚಾಳಿ. ಕುಮಟಾ-ಭಟ್ಕಳ ಬಸ್ಸಿನ ಕಂಡಕ್ಟರು, ಬಾಗಿಲಿಗೆ ಮೀನು ತರುವವರು, ಮೂರನೇ ಸೀಟಿಗೆ ಸುಸ್ತಾದ ಕುಕ್ಕರು, ಯಾರನ್ನೂ ಬಿಟ್ಟವನಲ್ಲ. ಶಿಕ್ಷಕ ತರಬೇತಿಯ ಪ್ರಮಾಣಪತ್ರ ಕಪಾಟಿನಲ್ಲಿ ನಿದ್ದೆ ಮಾಡುತ್ತಿದ್ದ ವರ್ಷಗಳಲ್ಲಿ, ಮದುವೆ ಮನೆಯಲ್ಲಿ ಊಟ ತಡವಾದಾಗ ಜನ ಅಡುಗೆಯವರ ಮೇಲೆ ಏರಿ ಹೋಗದಂತೆ ನಗಿಸಿ ತಡೆಯುವುದೇ ನನ್ನ ಉದ್ಯೋಗವಾಗಿತ್ತು. ಅಂಥ ಒಂದು ಮದುವೆಯಲ್ಲಿ ಮಂಡಳದ ಅಧ್ಯಕ್ಷೆ ಶಾಂತಾ ಬಾಯಿಯವರ ಅಣಕ ಮಾಡುತ್ತಿದ್ದೆ. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಈಗಲೂ ಎದುರಿಗೆ ನಿಂತವರ ಮುಖವನ್ನು, ಹಳೆಯ ಸಹಿಯ ಜೊತೆ ಹೊಂದುತ್ತದೋ ಇಲ್ಲವೋ ಎಂಬಂತೆ ಕನ್ನಡಕದ ಮೇಲಿನಿಂದ ಪರೀಕ್ಷಿಸುತ್ತಾರೆ. ಆ ನೋಟವನ್ನು ನಾನು ತುಂಬ ಚೆನ್ನಾಗಿ ಮಾಡಿ ತೋರಿಸಿ ತಿರುಗಿದರೆ ಅಸಲು ನೋಟವೇ ಹಿಂದೆ ನಿಂತಿತ್ತು. ಮರುದಿನ ಕರೆಸಿದರು. “ನನ್ನ ಸ್ವರ ನಂಗಿಂತ ಚಲೋ ನಿಂಗೇ ಬರ್ತದೆ. ಹಾಗಾದ್ರೆ ಮಕ್ಕಳನ್ನ ಬೈಯೂಕೆ ನಾ ದಿನಾ ಹೋಗೂದು ಎಂತಕ್ಕೆ, ನೀನೇ ಹೋಗು” ಎಂದರು. ಶಿಕ್ಷೆಯೋ ನೇಮಕಾತಿಯೋ ಎಂದು ಕೇಳುವ ಮೊದಲೇ ಶಿಶುವಿಹಾರದ ಬೀಗದ ಕೈ ನನ್ನ ಅಂಗೈಯಲ್ಲಿತ್ತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸು ಮಾಸ್ತರು, ಹೆಂಗಸು ಅಕ್ಕೋರು. ನಮ್ಮ ಮಕ್ಕಳಿಗೆ ಅಲ್ಲಿಯ ತನಕ ಕಲಿಸಿದವರೆಲ್ಲ ಹೆಂಗಸರೇ ಆದದ್ದರಿಂದ, ಹಲಗೆಯ ಮುಂದೆ ಯಾರು ನಿಂತರೂ ಅವರು ಅಕ್ಕೋರು. ಮೊದಲ ದಿನ ಮೀಸೆ ತಿರುವಿ ‘ನಾನು ಮಾಸ್ತರು’ ಎಂದು ಪರಿಚಯ ಹೇಳಿಕೊಂಡೆ. ಅಯಾನ್ ಎಂಬ ನಾಲ್ಕು ವರ್ಷದವನು, ಭಟ್ಕಳದಿಂದ ಬಂದು ಇಲ್ಲಿ ಅಂಗಡಿ ಇಟ್ಟವರ ಮಗ, ಕೇಳಿಸಿಕೊಂಡು ತಲೆದೂಗಿ, “ಆತು ಅಕ್ಕೋರೆ” ಎಂದ. ಅಲ್ಲಿಗೆ ಆ ವಿಷಯ ಮುಗಿಯಿತು.

ನಿಜವಾಗಿ ಶಿಶುವಿಹಾರ ನಡೆಯುವುದು ತುಳಸಕ್ಕನಿಂದ. ಕಾಗದದಲ್ಲಿ ಅವರು ಸಹಾಯಕಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಉಪ್ಪಿಟ್ಟು ಮಾಡಿ, ನೆಲ ಒರೆಸಿ, ಮೂಗು ಒರೆಸಿ, ಈಗ ತಾವು ಒರೆಸಿದ ಮೂಗುಗಳ ಮಕ್ಕಳ ಮೂಗನ್ನೂ ಒರೆಸುತ್ತಿದ್ದಾರೆ. ನಮ್ಮಲ್ಲಿ ಕನ್ನಡದ ಮಕ್ಕಳು, ಕೊಂಕಣಿಯ ಮಕ್ಕಳು, ಅಯಾನ್‌ನಂಥ ನವಾಯತಿ ಮಾತಾಡುವವರು ಎಲ್ಲರೂ ಇದ್ದಾರೆ. ಮೂತ್ರಕ್ಕೆ ಹೋಗಬೇಕು ಎಂಬ ಒಂದೇ ಸಂಗತಿಗೆ ಮನೆಗೊಂದು ಮಾತು. ಒಬ್ಬಳಂತೂ ಮಾತೇ ಆಡುವುದಿಲ್ಲ, ಸುಮ್ಮನೆ ಕಿಟಕಿಯ ಹತ್ತಿರ ಹೋಗಿ ದುಃಖದಿಂದ ಹೊರಗೆ ನೋಡುತ್ತಾಳೆ. ನಾನು ಇದನ್ನೆಲ್ಲ ಅಕಾರಾದಿಯಲ್ಲಿ ಬರೆದು ಒಂದು ನೋಂದಣಿ ಪುಸ್ತಕ ಮಾಡಿದೆ. ಮಗು ಬಂದು ಏನೋ ಹೇಳಿತು, ನಾನು ಪುಟ ತಿರುಗಿಸಿದೆ. ಅರ್ಥ ಸಿಗುವಷ್ಟರಲ್ಲಿ ನೆಲ ಒದ್ದೆಯಾಗಿತ್ತು. ತುಳಸಕ್ಕ ಪುಸ್ತಕವನ್ನು ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮೇಜಿನ ಕುಂಟ ಕಾಲಿನ ಕೆಳಗೆ ಇಟ್ಟರು. ಮೇಜು ಅಂದಿನಿಂದ ಅಲುಗಿಲ್ಲ.

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬರುತ್ತಿತ್ತೇನೋ. ಆದರೆ ಮಂಡಳದವರು ನನ್ನನ್ನು ಕುಮಟಾದಲ್ಲಿ ನಡೆದ ಎರಡು ದಿನದ ತರಬೇತಿಗೆ ಕಳಿಸಿಬಿಟ್ಟರು. ಪುಟ್ಟ ಮಕ್ಕಳ ಶಾಲೆಗಳನ್ನು ಮುನ್ನಡೆಸುವುದು ಹೇಗೆ ಎಂಬುದು ವಿಷಯ. ಅಲ್ಲಿ ಒಬ್ಬರು ಸಣ್ಣ ಗೆರೆಯ ಅಂಗಿ ತೊಟ್ಟು, ಒಳ್ಳೆಯ ನಾಯಕ ಉಳಿದವರಿಗಿಂತ ಮೊದಲು ಸಮಸ್ಯೆಯನ್ನು ಕಾಣುತ್ತಾನೆ ಎಂದು ಹೇಳಿದರು. ಅವರು ‘ನಾಯಕ’ ಎನ್ನುವಾಗ ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದ ರೀತಿ ನನಗೆ ಕರಗತವಾಯಿತು. ಉಳಿದದ್ದು ಒಂದು ನೀಲಿ ಫೈಲಿನಲ್ಲಿದೆ. ಊರಿಗೆ ಬಂದವನೇ ಹಿಮ್ಮಡಿ ಎತ್ತಿಕೊಂಡು ಸಮಸ್ಯೆ ಹುಡುಕುತ್ತ ಓಡಾಡಿದೆ. ಕೊನೆಗೆ ಮಲಗುವ ಕೋಣೆಯ ಕಪಾಟಿನಲ್ಲಿ ಸಿಕ್ಕಿತು.

ಆ ಕಪಾಟಿನ ವಿಷಯ ಸ್ವಲ್ಪ ಹೇಳಬೇಕು. ಮೊದಲೆಲ್ಲ ನಮ್ಮ ಶಿಶುವಿಹಾರ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯುತ್ತಿತ್ತು. ಆದರೆ ಈಗ ತಾಯಂದಿರು ಮೀನು ಪೇಟೆಗೆ, ಹೊಲಿಗೆ ಅಂಗಡಿಗೆ, ಆಸ್ಪತ್ರೆಗೆ ಎಂದು ಕೆಲಸಕ್ಕೆ ಹೋಗುವವರು. ಅವರಿಗಾಗಿ ಈ ವರ್ಷ ಸಂಜೆ ನಾಲ್ಕರ ತನಕ ಇಟ್ಟುಕೊಳ್ಳಲು ಶುರುಮಾಡಿದ್ದೆವು. ಊಟವಾದ ಮೇಲೆ ಮಕ್ಕಳು ಮಲಗಬೇಕಲ್ಲ? ಅದಕ್ಕೆ ತುಳಸಕ್ಕ ಮಾಡಿದ ಕ್ರಮ ಇದು: ಪ್ರತಿ ಮಗುವಿಗೂ ಅದರ ಅಮ್ಮನ ಒಂದು ಹಳೆಯ ಸೀರೆ, ಎಂಟು ಮಡಿಕೆ ಮಾಡಿ ಹಾಸಲಿಕ್ಕೆ. ಸೀರೆ ಉಡದವರಾದರೆ ದುಪಟ್ಟಾ, ನೈಟಿ ಏನಾದರೂ ಸೈ. ಅದು ಒಗೆದದ್ದು ಆಗಬಾರದು; ಅಮ್ಮ ಉಟ್ಟು ಬಿಟ್ಟದ್ದೇ ಆಗಬೇಕು. “ತೊಳೀಬೇಡಿ ಹೇಳೂದಿಲ್ಲ. ತೊಳೀರಿ. ತೊಳೆದ ಮೇಲೆ ನೀವು ಎರಡು ದಿನ ಉಟ್ಟು ಮತ್ತೆ ತನ್ನಿ” ಎಂದು ಅವರು ಬಾಗಿಲಲ್ಲಿ ನಿಂತು ಹೇಳುವುದನ್ನು ನಾನು ಹಲವು ಸಲ ಕೇಳಿದ್ದೆ, ಅಷ್ಟೇ ಸಲ ಅವರ ಬೆನ್ನ ಹಿಂದೆ ಅಣಕಿಸಿಯೂ ಇದ್ದೆ. ಏಕೆ ಎಂದು ಮಾತ್ರ ಕೇಳಿರಲಿಲ್ಲ. ಹಾಗಾಗಿ ನನ್ನ ನಾಯಕನ ಕಣ್ಣಿಗೆ ಆ ಕಪಾಟಿನಲ್ಲಿ ಕಂಡದ್ದು ಬಣ್ಣ ಬಣ್ಣದ ಮುದುಡಿದ ಬಟ್ಟೆಗಳ ರಾಶಿ. ಬಾಗಿಲು ತೆಗೆದರೆ ಸಿಗಡಿ, ತೆಂಗಿನೆಣ್ಣೆ, ನೋವಿನ ಮುಲಾಮು, ನಿನ್ನೆ ಮುಡಿದ ಮಲ್ಲಿಗೆ, ಹೊಲಿಗೆ ಯಂತ್ರದ ಎಣ್ಣೆ, ಒಗ್ಗರಣೆ ಎಲ್ಲವೂ ಒಟ್ಟಿಗೆ ಮೂಗಿಗೆ ನುಗ್ಗುತ್ತಿದ್ದವು.

ಇನ್ನು ಅಡಚಣೆ ಏನೆಂದರೆ, ಈ ಮಧ್ಯಾಹ್ನದ ವ್ಯವಸ್ಥೆಯನ್ನು ಮಂಡಳವೊಂದೇ ಹೊತ್ತು ನಡೆಸುವುದು ಸಾಧ್ಯವಿರಲಿಲ್ಲ. ನಮ್ಮ ಕಡೆಯಿಂದ ಮುಂಬೈಗೆ ಹೋಗಿ ನೆಲೆಸಿದವರ ಒಂದು ಟ್ರಸ್ಟು ಕೈಜೋಡಿಸುತ್ತೇವೆ ಎಂದಿತ್ತು. ಮೊದಲು ಅವರ ಕಡೆಯಿಂದ ಉಷಾತಾಯಿ ಎಂಬವರು ಬಂದು ಒಂದು ಪೂರ್ತಿ ದಿನ ಕೂತು ನೋಡುತ್ತಾರೆ, ಮಕ್ಕಳು ನೆಮ್ಮದಿಯಿಂದ ಇದ್ದಾರೆ ಅನಿಸಿದರೆ ಮುಂದುವರಿಯುತ್ತದೆ, ಇಲ್ಲವಾದರೆ ಮತ್ತೆ ಹನ್ನೆರಡೂವರೆಗೆ ಬಾಗಿಲು. ಬರುವ ದಿನ ಸೋಮವಾರ ಎಂದಾಯಿತು. ಧನ್ಯಾ ಎಂಬ ಮೂರೂವರೆ ವರ್ಷದವಳ ಅಮ್ಮ ಮಂಜುಳಾ ಹೊನ್ನಾವರದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿಗೆ ಹೊಸದಾಗಿ ಸೇರಿದ್ದಳು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ಶುಕ್ರವಾರ ಮಗುವನ್ನು ಬಿಡಲು ಬಂದವಳು ಗೇಟಿನ ಹತ್ತಿರ ನಿಂತು, “ಮಾಸ್ತರೆ, ಸೋಮವಾರದ್ದೊಂದು ಸಮ ಆಗೂ ಹಾಗೆ ಮಾಡಿ. ಇಲ್ದಿದ್ರೆ ನಾ ಕೆಲಸ ಬಿಡೂದೇ” ಎಂದಳು. ನಾನು ಹಿಮ್ಮಡಿ ಎತ್ತಿ, ಎಲ್ಲ ನನಗೆ ಬಿಡು ಎಂದೆ. ಇಂದಿಗೂ ಯಾರಾದರೂ ಆ ಮಾತು ಹೇಳಿದರೆ ನನಗೆ ಸಾಬೂನಿನ ವಾಸನೆ ಬರುತ್ತದೆ.

ಶನಿವಾರ ತುಳಸಕ್ಕ ರಜೆ. ಶಿರಾಲಿಯಲ್ಲಿ ಅವರ ತಂಗಿಯ ಮಗಳ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಅವರು ಆ ಕಡೆ ಬಸ್ಸು ಹತ್ತಿದರು, ನಾನು ಈ ಕಡೆ ಕಪಾಟು ಖಾಲಿ ಮಾಡಿ ಇಪ್ಪತ್ತಾರು ಸೀರೆ-ದುಪಟ್ಟಾಗಳನ್ನು ಮೂರು ಗೋಣಿಚೀಲದಲ್ಲಿ ತುಂಬಿ ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ಮುಂದೆ ನಿಂತೆ. ಆಯಿ, ಅಂದರೆ ನನ್ನ ಅಮ್ಮ, ಹೊರಗೆ ಬಂದು ಸ್ವಲ್ಪ ಹೊತ್ತು ನೋಡಿದರು. “ಇಪ್ಪತ್ತೇಳು ವರ್ಷ ಆತು, ನಂದೊಂದು ಸೀರೆ ಒಗೆದಂವ ಅಲ್ಲ ನೀನು. ಈಗ ಊರ ಹೆಂಗಸರದ್ದೆಲ್ಲ ಒಗೀತಿದ್ಯಲ್ಲ ತಮಾ” ಎಂದವರು ಒಳಗೆ ಹೋಗಿ ತಮ್ಮದೊಂದನ್ನು ತಂದು ರಾಶಿಯ ಮೇಲೆ ಹಾಕಿದರು. ಬೇಲಿಯಾಚೆಯ ಮನೆಯವರು, ಮದುವೆ ಗೊತ್ತಾಯಿತೋ ಅಥವಾ ಲಾಂಡ್ರಿ ಇಟ್ಟದ್ದೋ ಎಂದು ವಿಚಾರಿಸಿದರು. ನಾನು ಎಲ್ಲವನ್ನೂ ಸಾಬೂನು ಪುಡಿಯಲ್ಲಿ ನೆನೆಸಿ, ಬಡಿದು, ಹಿಂಡಿ, ಕೊನೆಗೆ ಗುಲಾಬಿಯ ಪರಿಮಳದ್ದೆಂದು ಬಾಟಲಿಯ ಮೇಲೆ ಬರೆದಿದ್ದ ದ್ರಾವಣದಲ್ಲಿ ಒಂದೊಂದನ್ನೂ ಅದ್ದಿ ಒಣಗಿಸಿದೆ. ಸಂಜೆಯೊಳಗೆ ಇಸ್ತ್ರಿ ಮಾಡಿ, ಬಣ್ಣದ ಪ್ರಕಾರ ಜೋಡಿಸಿ, ಫೋಟೋ ತೆಗೆದು ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಕೈಮುಗಿದರು. ತುಳಸಕ್ಕನ ಅಪ್ಪಣೆಯಿಂದಲೇ ಇದು ಆಗಿರಬೇಕೆಂದು ಅವರು ತಿಳಿದಿದ್ದರು ಎಂಬುದು ಆಮೇಲೆ ಗೊತ್ತಾಯಿತು. ತುಳಸಕ್ಕನ ಹತ್ತಿರ ಇರುವುದು ಒತ್ತುವ ಗುಂಡಿಗಳ ಹಳೆಯ ಫೋನು. ಅದಕ್ಕೆ ಫೋಟೋ ಹೋಗುವುದಿಲ್ಲ.

ಸೋಮವಾರ ಉಷಾತಾಯಿ ಬಂದರು. ಅರವತ್ತು ದಾಟಿದ, ಗಂಭೀರ ಮುಖದ ಹೆಂಗಸು, ಕೈಯಲ್ಲಿ ಪ್ರಶ್ನೆಗಳು ತುಂಬಿದ ಕಾಗದದ ಕಟ್ಟು. ಅವರ ತವರು ಧಾರೇಶ್ವರ. ಹಿಂದಿನ ದಿನ ಕುಮಟಾ ನಿಲ್ದಾಣದಲ್ಲಿ ಇಳಿಯುವ ಗಡಿಬಿಡಿಯಲ್ಲಿ ಅವರ ಪೆಟ್ಟಿಗೆ ರೈಲಿನಲ್ಲೇ ಉಳಿದು ಉಡುಪಿಯ ಕಡೆಗೆ ಹೋಗಿಬಿಟ್ಟಿತ್ತಂತೆ. ಮುಂಬೈಯಿಂದ ಉಟ್ಟು ಹೊರಟ ಸೀರೆಯಲ್ಲೇ ಬಂದಿದ್ದೇನೆ, ತಪ್ಪು ತಿಳಿಯಬೇಡಿ ಎಂದು ಬಾಗಿಲಲ್ಲೇ ಸಂಕೋಚಪಟ್ಟರು. ಅವರ ಪಕ್ಕದಲ್ಲಿ ನಮ್ಮ ಶಾಂತಾ ಬಾಯಿ, ಪೆಟ್ಟಿಗೆಯ ತಳದಿಂದ ತೆಗೆದ ರೇಷ್ಮೆ ಸೀರೆಯಲ್ಲಿ. ನಾನಂತೂ ಗುಲಾಬಿಯ ದ್ರಾವಣ ಉಳಿದದ್ದು ಹಾಳಾಗಬಾರದೆಂದು ನನ್ನ ಅಂಗಿಯನ್ನೂ ಅದರಲ್ಲೇ ಅದ್ದಿದ್ದೆ. ಬೆಳಗಿನ ಹೊತ್ತು ಚೆನ್ನಾಗಿಯೇ ಹೋಯಿತು. ಹಾಡು, ಮರಳಿನ ಆಟ, ಊಟ. ಒಂದು ಗಂಟೆಗೆ ಎಲ್ಲರೂ ಮಲಗುವ ಕೋಣೆಗೆ ಬಂದೆವು. ನಾನು ಮದುವೆಯಲ್ಲಿ ಪರದೆ ಸರಿಸುವವನ ಹಾಗೆ ಕಪಾಟಿನ ಬಾಗಿಲು ತೆಗೆದೆ.

ತುಳಸಕ್ಕ ಮೊದಲನೆಯ ಸೀರೆ ತೆಗೆದುಕೊಂಡು ಬಿಡಿಸಿದವರು ನಿಂತುಬಿಟ್ಟರು. ಮೂಗಿನ ಹತ್ತಿರ ಹಿಡಿದರು. ಇನ್ನೊಂದನ್ನು ತೆಗೆದು ಅದನ್ನೂ ಮೂಸಿದರು. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, “ಇದೆಂತ ಮಾಡಿದ್ರಿ ಮಾಸ್ತರೆ? ತಾಯಿಗಳನ್ನೆಲ್ಲ ತೊಳೆದು ಹಾಕಿಬಿಟ್ರಲ್ಲ” ಎಂದರು.

ನನಗೆ ಅರ್ಥವಾಗುವ ಮೊದಲೇ ಮಕ್ಕಳಿಗೆ ಅರ್ಥವಾಯಿತು. ಧನ್ಯಾ ತನ್ನ ಸೀರೆಯ ಮೇಲೆ ಕೆನ್ನೆ ಇಟ್ಟವಳು ತಲೆಯೆತ್ತಿ, ಇದು ನಮ್ಮಮ್ಮ ಅಲ್ಲ ಎಂದಳು. ಎದ್ದು ಪಕ್ಕದವನ ಸೀರೆ ಮೂಸಿದಳು. ಅವನು ಅದರಾಚೆಯದನ್ನು ಮೂಸಿದ. ಒಂದು ನಿಮಿಷದಲ್ಲಿ ಇಪ್ಪತ್ತಾರು ಮಕ್ಕಳೂ ನಾಲ್ಕು ಕಾಲಿನಲ್ಲಿ ಕೋಣೆಯೆಲ್ಲ ಅಮ್ಮಂದಿರನ್ನು ಮೂಸಿ ಹುಡುಕುತ್ತಿದ್ದರು. ಎಲ್ಲೆಲ್ಲೂ ಗುಲಾಬಿ. ಅಯಾನ್ ದುಪಟ್ಟಾವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನನ್ನನ್ನು ನೋಡಿ, “ಅಕ್ಕೋರೆ, ಸಾಬೂನು” ಎಂದು ದೂರು ಕೊಟ್ಟ. ಮೊದಲು ಒಬ್ಬಳು ಅತ್ತಳು. ಅವಳನ್ನು ನೋಡಿ ಇನ್ನೊಬ್ಬ. ಆಮೇಲೆ ಯಾರು ಯಾರನ್ನು ನೋಡಿ ಅತ್ತರೆಂದು ಹೇಳಲಾಗದು. ಶಾಂತಾ ಬಾಯಿ ಕನ್ನಡಕದ ಮೇಲಿನಿಂದ ನನ್ನ ಸಹಿಯನ್ನು ನೋಡಿದರು. ಉಷಾತಾಯಿ ಕಾಗದದ ಕಟ್ಟಿನಲ್ಲಿ ಏನೋ ಬರೆದುಕೊಂಡರು.

ಆಗ ನನಗೆ ನನ್ನ ವಿದ್ಯೆ ನೆನಪಾಯಿತು. ವಾಸನೆ ಹೋದರೆ ಹೋಗಲಿ, ಸ್ವರವಿದೆಯಲ್ಲ? ದಿನಾ ಬೆಳಿಗ್ಗೆ ಗೇಟಿನಲ್ಲಿ ಕೇಳಿಸಿಕೊಂಡ ಅಮ್ಮಂದಿರೆಲ್ಲ ನನ್ನ ಗಂಟಲಿನಲ್ಲಿದ್ದರು. ಬಾಗಿಲ ಕಡೆ ತಿರುಗಿ ಮಂಜುಳಾಳ ಸ್ವರ ತೆಗೆದೆ. “ಧನೂ, ಮಲಕೊ ಮಗಾ, ಅಮ್ಮ ಇಲ್ಲೇ ಇದ್ದೆ.” ನಾನಾಗಿ ಹೇಳಬಾರದು, ಆದರೆ ಅಷ್ಟು ಚೆನ್ನಾಗಿ ನಾನು ಯಾವ ಮದುವೆಯಲ್ಲೂ ಮಾಡಿಲ್ಲ. ಧನ್ಯಾ ಥಟ್ಟನೆ ಅಳು ನಿಲ್ಲಿಸಿದಳು. ಎರಡೂ ಕೈ ಮುಂದೆ ಚಾಚಿಕೊಂಡು ಓಡಿ ಬಂದು ಬಾಗಿಲ ಹಿಂದೆ ನೋಡಿದಳು. ಜಗಲಿಗೆ ಹೋಗಿ ನೋಡಿದಳು. ಚಪ್ಪಲಿ ಬಿಡುವಲ್ಲಿ ಬಗ್ಗಿ ನೋಡಿದಳು. ಮರಳಿ ಬಂದು ನನ್ನ ಮುಂದೆ ನಿಂತು ನನ್ನ ಬಾಯಿಯನ್ನೇ ನೋಡಿದಳು. ಅಳಲಿಲ್ಲ. “ಅಕ್ಕೋರೆ, ಅಮ್ಮ ಎಲ್ಲಿ?” ಎಂದು ಕೇಳಿದಳು. ನನ್ನ ಅಣಕಕ್ಕೆ ಜನ ನಕ್ಕಿದ್ದಾರೆ, ಬೈದಿದ್ದಾರೆ, ಒಮ್ಮೆ ಒಬ್ಬರು ಚಪ್ಪಲಿಯನ್ನೂ ತೋರಿಸಿದ್ದಾರೆ. ನಂಬಿದವರು ಯಾರೂ ಇರಲಿಲ್ಲ. 

ಅವಳು ಉತ್ತರಕ್ಕೆ ಕಾಯಲಿಲ್ಲ. ನನ್ನ ಅಂಗಿ ಮೂಸಿ, ಬೇಡವೆಂದು ಮುಂದೆ ಹೋದಳು. ಶಾಂತಾ ಬಾಯಿಯವರ ರೇಷ್ಮೆಗೆ ಮೂಗು ತಾಗಿಸಿ, ನುಸಿಗುಳಿಗೆಯ ಘಾಟಿಗೆ ಎರಡು ಸಲ ಸೀನಿದಳು. ಕೊನೆಗೆ ಉಷಾತಾಯಿಯ ಸೆರಗು ಹಿಡಿದಳು. ರೈಲು, ಚಹಾ, ಬೆವರು, ಧಾರೇಶ್ವರದ ಅಡುಗೆಮನೆಯ ಹೊಗೆ ಎಲ್ಲ ಸೇರಿದ ಎರಡು ದಿನದ ಹತ್ತಿಯ ಸೀರೆ. ಅದು ಅವಳ ಅಮ್ಮನದ್ದಲ್ಲ, ಆದರೆ ಯಾರೋ ಮನುಷ್ಯರದ್ದಂತೂ ಹೌದು. ಅವರ ಅಪ್ಪಣೆ ಕೇಳದೆ ತೊಡೆಯ ಮೇಲೆ ಹತ್ತಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಕಾಗದದ ಕಟ್ಟು ನೆಲಕ್ಕೆ ಬಿತ್ತು. ಉಷಾತಾಯಿ ಗಲಿಬಿಲಿಯಾಗಿ ತುಳಸಕ್ಕನ ಕಡೆ ನೋಡಿದರೆ, ತುಳಸಕ್ಕ ಆಗಲೇ ನೆಲದ ನಡುವೆ ಕಾಲು ನೀಡಿ ಕೂತು ಸೆರಗು ಹರಡಿದ್ದರು. “ಅಮ್ಮಾ, ನೀವೂ ಹಾಗೇ ನೆಲಕ್ಕೆ ಬನ್ನಿ. ಇನ್ನು ನಾಕು ಮಕ್ಕಳು ಹಿಡೀತಾರೆ” ಎಂದರು. ಬಂದರು. ಹಿಡಿದವು. ಉಳಿದವೆಲ್ಲ ಉಪ್ಪಿಟ್ಟಿನ, ನೆಲ ಒರೆಸುವ ಬಟ್ಟೆಯ, ಎಲ್ಲರ ಮೂಗಿನ ವಾಸನೆಯಿರುವ ತುಳಸಕ್ಕನ ಸುತ್ತ, ಹೊಟ್ಟೆಯ ಮೇಲೆ, ಕಾಲಿನ ಮೇಲೆ ಒರಗಿಕೊಂಡವು. ಎರಡು ಗಂಟೆಯ ಹೊತ್ತಿಗೆ ಕೋಣೆಯಲ್ಲಿ ಎಚ್ಚರವಿದ್ದವರು ನಾಲ್ಕೇ ಜನ. ಅದರಲ್ಲಿ ಇಬ್ಬರು ಅಲುಗಾಡುವಂತಿರಲಿಲ್ಲ, ಇಬ್ಬರು ಯಾರಿಗೂ ಬೇಡವಾಗಿದ್ದರು. ಶಾಂತಾ ಬಾಯಿ ಮತ್ತು ನಾನು ಗೋಡೆಗೆ ಒತ್ತಿ ನಿಂತು ಮೊದಲ ಬಾರಿ ಒಂದೇ ಅಭಿಪ್ರಾಯದವರಾಗಿದ್ದೆವು.

ಉಷಾತಾಯಿ ಪಿಸುಮಾತಿನಲ್ಲಿ ಎಲ್ಲ ಕೇಳಿ ತಿಳಿದುಕೊಂಡರು. ಸೀರೆಯ ಕ್ರಮ ಯಾವಾಗಿನಿಂದ, ಯಾರು ಮಾಡಿದ್ದು, ತೊಳೆದ ಮೇಲೆ ಎರಡು ದಿನ ಉಡುವುದು ಏಕೆ. ಕೊನೆಗೆ, ಇವತ್ತಿನದ್ದನ್ನು ತೊಳೆದವರು ಯಾರು ಎಂದು ಕೇಳಿದರು. ನನಗೆ ಮಂಜುಳಾಳ ಕೆಲಸ ನೆನಪಾಯಿತು. “ನಾವೇ ತೊಳೆದದ್ದು ಅಮ್ಮಾ, ನೀವು ಬರ್ತ್ರಿ ಹೇಳಿ” ಎಂದರು ತುಳಸಕ್ಕ, ನನ್ನ ಕಡೆ ನೋಡದೆ. ಆ ‘ನಾವು’ ಎಷ್ಟು ದೊಡ್ಡದಿತ್ತೆಂದರೆ ಅದರೊಳಗೆ ನಾನು ಆರಾಮವಾಗಿ ಅಡಗಿ ಕೂರಬಹುದಿತ್ತು. ಆದರೆ ಇಡೀ ಕೋಣೆಯಲ್ಲಿ ಗುಲಾಬಿಯ ಪರಿಮಳ ಬರುತ್ತಿದ್ದ ಮನುಷ್ಯ ನಾನೊಬ್ಬನೇ. ತುಳಸಕ್ಕನದ್ದೇನೂ ತಪ್ಪಿಲ್ಲ, ನಾನೇ ತೊಳೆದದ್ದು, ಅವರು ಊರಲ್ಲಿ ಇರಲಿಲ್ಲ ಎಂದೆ. ನನ್ನದೇ ಸ್ವರದಲ್ಲಿ ಹೇಳಿದೆ. ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಒಡಕು ಕೇಳಿಸಿತು. ಉಷಾತಾಯಿ ನೆಲಕ್ಕೆ ಬಿದ್ದಿದ್ದ ಕಾಗದದ ಕಟ್ಟನ್ನು ಹತ್ತಿರ ಎಳೆದುಕೊಂಡರು. ಬಲಗೈ ಧನ್ಯಾಳ ತಲೆಯ ಕೆಳಗೆ ಸಿಕ್ಕಿಕೊಂಡಿದ್ದರಿಂದ ಎಡಗೈಯಲ್ಲಿ ಕಾಗದದ ಮೇಲೆ ನಿಧಾನವಾಗಿ ಬರೆದರು. ನಾಲ್ಕು ಗಂಟೆಗೆ ಮಂಜುಳಾ ಬಂದು ಬಾಗಿಲಲ್ಲಿ ಇಣುಕಿದಾಗ ಅವರು ತುಟಿಯ ಮೇಲೆ ಬೆರಳಿಟ್ಟು, ಇವಳು ಇನ್ನೂ ಸ್ವಲ್ಪ ಮಲಗಲಿ ಎಂದು ಸನ್ನೆ ಮಾಡಿದರು.

ಎರಡು ವಾರದಲ್ಲಿ ಪತ್ರ ಬಂತು. ಮಧ್ಯಾಹ್ನದ ವ್ಯವಸ್ಥೆ ಮುಂದುವರಿಯಬೇಕು, ಟ್ರಸ್ಟು ಜೊತೆಗಿರುತ್ತದೆ. ಒಂದೇ ಷರತ್ತು: ಹಾಸಿಗೆಗೆ ಸಂಬಂಧಿಸಿದ ಎಲ್ಲ ತೀರ್ಮಾನಗಳು ಸಹಾಯಕಿಯವರದ್ದು, ವ್ಯವಸ್ಥಾಪಕರು ಅವರನ್ನು ಕೇಳದೆ ಏನನ್ನೂ ನೀರಿಗೆ ಹಾಕಕೂಡದು. ಶಾಂತಾ ಬಾಯಿ ಅದನ್ನು ಮಂಡಳದ ಸಭೆಯಲ್ಲಿ ಎರಡು ಸಲ ಓದಿದರು. ಎರಡನೆಯ ಸಲ ಓದಿ ಎಂದು ಯಾರೂ ಕೇಳಿರಲಿಲ್ಲ. ಮಂಜುಳಾ ಲ್ಯಾಬಿನಲ್ಲೇ ಇದ್ದಾಳೆ. ಇಪ್ಪತ್ತಾರು ಅಮ್ಮಂದಿರೂ ನಾನು ಇಸ್ತ್ರಿ ಮಾಡಿದ ಸೀರೆಗಳನ್ನು ಒಯ್ದು, ಉಟ್ಟು, ಮುದ್ದೆ ಮಾಡಿ ತಂದುಕೊಟ್ಟರು.

ತುಳಸಕ್ಕ ಇಷ್ಟಕ್ಕೇ ಬಿಡಲಿಲ್ಲ. ನಾನೂ ಎರಡು ದಿನ ತೊಟ್ಟ ಒಂದು ಅಂಗಿಯನ್ನು ತರಬೇಕೆಂದರು. ಮುಂದೆ ಅವರು ಎಲ್ಲಾದರೂ ಹೋದರೆ ಮಕ್ಕಳಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ ಎಂಬುದು ಅವರ ವಿಚಾರ. “ನಿಮ್ಮ ಬಾಯಲ್ಲಿ ಊರೆಲ್ಲ ಅದೆ ಮಾಸ್ತರೆ. ಮೂಗಿಗಾದ್ರೂ ನೀವೇ ಸಿಕ್ಕಿ” ಎಂದರು. ನಾನು ಶ್ರದ್ಧೆಯಿಂದ ಮೂರು ದಿನ ತೊಟ್ಟೆ. ಅಷ್ಟು ದಿನ ಆಯಿ ನನಗೆ ಜಗಲಿಯಲ್ಲೇ ಊಟ ಬಡಿಸಿದರು. ಯಾವ ಮಗುವಿನ ಸೀರೆ ಒಗೆಯಲೆಂದು ಮನೆಗೆ ಹೋಗಿರುತ್ತದೋ ಅದಕ್ಕೆ ಮಧ್ಯಾಹ್ನ ನನ್ನ ಅಂಗಿ ಹಾಸುವುದು ಎಂದಾಯಿತು. ಮೊದಲ ದಿನ ಒಬ್ಬಳು ಅದನ್ನು ಮೂಸಿ, ಬರೀ ಚಾಪೆಯೇ ಸಾಕು ಎಂದಳು. ಇನ್ನೊಂದು ದಿನ ಒಬ್ಬ ಅದರ ತೋಳು ಹಿಡಿದು ಕೋಣೆಯಲ್ಲೆಲ್ಲ ಎಳೆದು ಬಸ್ಸಾಟ ಆಡಿದ. ಧನ್ಯಾಳಂತೂ ಕಾಲ ತುದಿಯಿಂದ ದೂರ ಸರಿಸಿದಳು. ನಾನು ಬೇಸರ ಮಾಡಿಕೊಳ್ಳಲಿಲ್ಲ. ನಂಬಿಕೆ ಬೆಳೆಯಲು ಸಮಯ ಬೇಕೆಂದು ನೀಲಿ ಫೈಲಿನಲ್ಲಿ ಬರೆದಿದೆ.

ಮೊನ್ನೆ ಅಯಾನ್‌ನ ದುಪಟ್ಟಾ ಮನೆಗೆ ಹೋಗಿತ್ತು. ಅವನು ಯಾರೂ ಹೇಳದೆ ತಾನಾಗಿಯೇ ಹೋಗಿ ನನ್ನ ಅಂಗಿ ತಂದ. ಹರಡಿದ. ಕಾಲರಿನ ಮೇಲೆ ಕೆನ್ನೆಯಿಟ್ಟು ಎರಡು ನಿಮಿಷದಲ್ಲಿ ನಿದ್ದೆ ಹೋದ. ನನಗೆ ಕಣ್ಣು ಮಂಜಾಯಿತು. ಒಂದು ಗಂಟೆಯ ಕಾಲ ತುದಿಗಾಲಿನಲ್ಲಿ ಅವನ ಸುತ್ತ ನಡೆದು ನೊಣ ಓಡಿಸಿದೆ. ಕೊನೆಗೆ ತಡೆಯಲಾರದೆ ತುಳಸಕ್ಕನನ್ನು ಕರೆದು ತೋರಿಸಿ, ಒಬ್ಬನಾದರೂ ನನ್ನನ್ನು ಒಪ್ಪಿಕೊಂಡ ನೋಡಿ ಎಂದು ಪಿಸುಗುಟ್ಟಿದೆ. ಅವರು ಬಗ್ಗಿ ಸೆರಗಿನ ತುದಿಯಿಂದ ಅವನ ಮೂಗು ಒರೆಸಿ, “ಅವಂಗೆ ನಿನ್ನೆಯಿಂದ ಥಂಡಿ ಮಾಸ್ತರೆ, ಮೂಗು ಪೂರಾ ಕಟ್ಟಿತ್ತು” ಎಂದರು.

ಆ ದಿನ ಟ್ರಸ್ಟಿಗೆ ಕಳಿಸಿದ ವರದಿಯಲ್ಲಿ ಒಂದು ಮಗು ನನ್ನ ಅಂಗಿಯ ಮೇಲೆ ಮಲಗಿತೆಂದು ಬರೆದೆ; ಮೂಗಿನ ವಿವರಕ್ಕೆ ಹೋಗಲಿಲ್ಲ.